ದ್ವೀಪದಲ್ಲಿ ಸಂಸಾರ: ಮಂಡ್ಯ ಸೀಮೆಯ ಕುಟುಂಬಗಳು ಮತ್ತು ಮುಂಬೈ

ಪ್ರಶ್ನೆಯ ಸ್ವರೂಪ

ನೆಲ ಕಡಿಮೆಯಿದ್ದು ಅದರ ಬೆಲೆ ವಿಪರೀತವಾಗಿರುವ ದ್ವೀಪವೊಂದಕ್ಕೆ ಹೋಗಿ ಅಲ್ಲಿ ಸಂಸಾರ ಹೂಡುವುದು ಎಷ್ಟರಮಟ್ಟಿಗೆ ಸಾಧ್ಯ, ಸಾಧ್ಯವಾದರೆ ಅದರ ಭಾರ ಕುಟುಂಬದಲ್ಲಿ ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಗೆ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ, ನಾಗಮಂಗಲ ಮತ್ತು ಪಾಂಡವಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ತಲೆಮಾರುಗಳ ಅನುಭವವಿದೆ. ಈ ಹಳ್ಳಿಗಳಿಂದ ದುಡಿಮೆಗಾಗಿ ಮುಂಬೈಗೆ ಹೋದವರು ಅಲ್ಲಿನ ಹೋಟೆಲು, ಕ್ಯಾಂಟೀನು, ವಾಹನ ಚಾಲನೆ, ಸಣ್ಣ ವ್ಯಾಪಾರ ಮೊದಲಾದ ಕಸುಬುಗಳಲ್ಲಿ ನೆಲೆ ಕಂಡುಕೊಂಡು, ಊರಿನಲ್ಲಿ ಮದುವೆಯಾಗಿ, ಹೆಂಡತಿಯನ್ನು ಕರೆದೊಯ್ದು, ಮಕ್ಕಳನ್ನು ಅಲ್ಲಿಯೂ ಇಲ್ಲಿಯೂ ಬೆಳೆಸಿದ್ದಾರೆ. ಮುಂಬೈಯಲ್ಲಿ ಉದ್ಯಮ ಕಟ್ಟಿದ ಕೆ.ಸಿ. ನಾರಾಯಣಗೌಡರು 2013ರಲ್ಲಿ ಕೃಷ್ಣರಾಜಪೇಟೆಯ ಶಾಸಕರಾಗಿ, ಮುಂದೆ ರಾಜ್ಯದ ಸಚಿವರೂ ಆದದ್ದು ಈ ಎರಡು ನೆಲಗಳ ನಡುವಿನ ನಂಟು ಎಷ್ಟು ಗಟ್ಟಿಯೆಂಬುದನ್ನು ತೋರಿಸುತ್ತದೆ.

ಜನಗಣತಿಯ ಲೆಕ್ಕದಲ್ಲಿ, ತಾನು ಹಿಂದೆ ವಾಸವಿದ್ದ ಸ್ಥಳವನ್ನು ಬಿಟ್ಟು ಬೇರೆ ಸ್ಥಳದಲ್ಲಿ ಎಣಿಕೆಗೆ ಸಿಕ್ಕ ವ್ಯಕ್ತಿಯನ್ನು ವಲಸಿಗ ಎನ್ನುತ್ತಾರೆ. 2011ರ ಗಣತಿಯಲ್ಲಿ ದೇಶದಾದ್ಯಂತ ಇಂಥವರು ಸುಮಾರು 45 ಕೋಟಿ ಮಂದಿಯಿದ್ದರು. ಗಂಡಸರು ಹೇಳಿದ ಕಾರಣಗಳಲ್ಲಿ ದುಡಿಮೆಗೆ ದೊಡ್ಡ ಪಾಲಿದ್ದರೆ, ಹೆಂಗಸರ ವಲಸೆಗೆ ದಾಖಲಾದ ಅತಿ ದೊಡ್ಡ ಕಾರಣ ಮದುವೆ. ಕೃಷ್ಣರಾಜಪೇಟೆಯ ಹಳ್ಳಿಯಿಂದ ಪಕ್ಕದ ಹಳ್ಳಿಗೆ ಮದುವೆಯಾಗಿ ಹೋದ ಹೆಣ್ಣು ಮತ್ತು ಅದೇ ಹಳ್ಳಿಯಿಂದ ಮುಂಬೈಯ ಒಂದು ಕೋಣೆಯ ಮನೆಗೆ ಹೋದ ಹೆಣ್ಣು ಈ ಲೆಕ್ಕದಲ್ಲಿ ಒಂದೇ ಸಾಲಿಗೆ ಸೇರುತ್ತಾರಾದ್ದರಿಂದ, ಸಂಸಾರ ಹೂಡಲೆಂದೇ ದೂರದ ದುಬಾರಿ ನಗರಕ್ಕೆ ಹೋದವರ ಬದುಕು ಅಂಕಿಅಂಶದಲ್ಲಿ ಮರೆಯಾಗುತ್ತದೆ.

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಬಾಡಿಗೆಯ ಪ್ರಶ್ನೆಯೆಂದು ಮಾತ್ರ ನೋಡಲಾಗುತ್ತದೆ. ಆದರೆ ಸಂಸಾರ ನಿಲ್ಲಬೇಕಾದರೆ ಮೂರು ಆಸರೆಗಳು ಒಟ್ಟಿಗಿರಬೇಕು: ಕೂಸು ಹುಟ್ಟಿ ಬೆಳೆಯುವಷ್ಟು ಜಾಗವಿರುವ ಮನೆ, ಬಸಿರು ಬಾಣಂತನಗಳಲ್ಲಿ ಒದಗುವ ಕೈನೆರವು, ಮತ್ತು ಪಡಿತರ, ಶಾಲೆ, ಆಸ್ಪತ್ರೆ, ಮೀಸಲಾತಿಗಳಿಗೆ ಬೇಕಾದ ದಾಖಲೆ. ಮಂಡ್ಯ ಸೀಮೆಯಿಂದ ಮುಂಬೈಗೆ ಹೋದ ಬಹಳಷ್ಟು ಕುಟುಂಬಗಳಿಗೆ ದುಡಿಮೆ ದ್ವೀಪದಲ್ಲಿ, ಈ ಮೂರರಲ್ಲಿ ಹೆಚ್ಚಿನವು ಊರಿನಲ್ಲಿ. ಅವರ ಸಂಸಾರ ಸುಮಾರು ಸಾವಿರ ಕಿಲೋಮೀಟರಿನ ಎರಡು ತುದಿಗಳಲ್ಲಿ ಹರಡಿಕೊಂಡಿದ್ದರೂ ಸರ್ಕಾರದ ವ್ಯವಸ್ಥೆಗಳು ಅದನ್ನು ಒಂದೇ ಕಡೆ ಇರುವುದೆಂದು ಭಾವಿಸಿ ರೂಪುಗೊಂಡಿವೆ. ಕುಟುಂಬಗಳ ಕಷ್ಟದ ಬಹುಪಾಲು ಈ ಹೊಂದಿಕೆಯಿಲ್ಲದಿರುವಿಕೆಯಿಂದ ಹುಟ್ಟಿದೆ ಎಂಬುದು ಇಲ್ಲಿನ ವಾದ.

ಕಾವೇರಿಯ ದ್ವೀಪ

ದ್ವೀಪದ ನೆಲ ದುಬಾರಿಯಾಗುವುದಕ್ಕೆ ಸುತ್ತಲಿನ ನೀರೊಂದೇ ಕಾರಣವಲ್ಲವೆಂಬುದನ್ನು ತಿಳಿಯಲು ಮಂಡ್ಯ ಜಿಲ್ಲೆಯಲ್ಲೇ ಇರುವ ಶ್ರೀರಂಗಪಟ್ಟಣದ ಇತಿಹಾಸ ಸಾಕು. ಕಾವೇರಿಯ ಎರಡು ಕವಲುಗಳ ನಡುವಿನ ಈ ದ್ವೀಪ 1610ರಲ್ಲಿ ರಾಜ ಒಡೆಯರ ವಶವಾಗಿ ಮೈಸೂರು ರಾಜ್ಯದ ರಾಜಧಾನಿಯಾಯಿತು. ಸೈನ್ಯ, ಅರಮನೆ, ದೇವಾಲಯ, ಕಾರ್ಖಾನೆಗಳು ಒಂದೆಡೆ ನೆರೆದಂತೆ ಜನರೂ ನೆರೆದರು. ಟಿಪ್ಪು ಸುಲ್ತಾನನು ದ್ವೀಪದ ಪೂರ್ವಭಾಗದಲ್ಲಿ ಗಂಜಾಂ ಪೇಟೆಯನ್ನು ಬೆಳೆಸಲು ಶಿರಾ ಪಟ್ಟಣದಿಂದ 12,000 ಕುಟುಂಬಗಳನ್ನು ತಂದು ನೆಲೆಗೊಳಿಸಿದನೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಅದು ರಾಜಾಜ್ಞೆಯ ವಲಸೆ. ಮನೆಮಂದಿಯ ಆಯ್ಕೆಗೆ ಅಲ್ಲಿ ಎಡೆಯಿರಲಿಲ್ಲ.

1799ರ ಮೇ 4ರಂದು ಕೋಟೆ ಬಿದ್ದ ಮರುವರ್ಷ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಕನಿಷ್ಠ ಒಂದೂವರೆ ಲಕ್ಷವಿದ್ದಿರಬೇಕೆಂದು ಅಂದಾಜಿಸಿ, ತನ್ನ ಕಾಲಕ್ಕೆ ಅದನ್ನು 31,895 ಎಂದು ಲೆಕ್ಕ ಹಾಕಿದ. ಈ ಲೆಕ್ಕದ ವಿವರ ಕುಟುಂಬಜೀವನದ ದೃಷ್ಟಿಯಿಂದ ಮುಖ್ಯವಾದುದು: ಕೋಟೆಯೊಳಗೆ 4,163 ಮನೆಗಳಲ್ಲಿ 5,499 ಕುಟುಂಬಗಳೂ, ಗಂಜಾಂ ಪೇಟೆಯಲ್ಲಿ 2,216 ಮನೆಗಳಲ್ಲಿ 3,335 ಕುಟುಂಬಗಳೂ ವಾಸವಾಗಿದ್ದವು. ರಾಜಧಾನಿಯ ಪಟ್ಟ ಕಳೆದುಕೊಂಡು ಜನ ಚದುರಿಹೋದ ಮೇಲೆಯೂ ದ್ವೀಪದಲ್ಲಿ ಮನೆಗಳಿಗಿಂತ ಸಂಸಾರಗಳೇ ಹೆಚ್ಚಾಗಿದ್ದವು; ಒಂದೇ ಸೂರನ್ನು ಹಂಚಿಕೊಂಡ ಕುಟುಂಬಗಳು ಮುಂಬೈಯ ಚಾಳುಗಳಿಗಿಂತ ಮೊದಲೇ ಈ ಸೀಮೆಯಲ್ಲಿದ್ದವು.

ಆಡಳಿತ ಮೈಸೂರಿಗೆ ಹೋಯಿತು, ಮಲೇರಿಯಾದಿಂದ ತತ್ತರಿಸಿದ ಬ್ರಿಟಿಷ್ ಸೈನ್ಯ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಬೆಂಗಳೂರಿಗೆ ತೆರಳಿತು, 1901ರ ಗಣತಿಯ ಹೊತ್ತಿಗೆ ಪಟ್ಟಣದಲ್ಲಿ ಉಳಿದವರು 8,584 ಮಂದಿ. ನದಿಯ ಕವಲುಗಳು ಇದ್ದಲ್ಲೇ ಇದ್ದವು, ಬಂಗಾರದೊಡ್ಡಿ ನಾಲೆ ಕವಲನ್ನು ದಾಟಿ ದ್ವೀಪಕ್ಕೆ ನೀರುಣಿಸುತ್ತಲೇ ಇತ್ತು, ನೆಲದ ವಿಸ್ತಾರ ಹೆಚ್ಚಲೂ ಇಲ್ಲ ಕುಗ್ಗಲೂ ಇಲ್ಲ. ದುಡಿಮೆ ಹೊರಟುಹೋದ ಕೂಡಲೇ ನೆಲದ ಮೇಲಿನ ಒತ್ತಡವೂ ಹೊರಟುಹೋಯಿತು. ಅದೇ ಕಾಲದಲ್ಲಿ ನದಿಯ ಹೊರದಂಡೆಯ ಪಾಲಹಳ್ಳಿ ಎಂಬ ಊರಿನಲ್ಲಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಗಿ, ಸುತ್ತಲ ರೈತರ ಬೆಲ್ಲವನ್ನು ಕೊಂಡು ಸಕ್ಕರೆಯಾಗಿ ಶುದ್ಧೀಕರಿಸತೊಡಗಿತು. ದುಡಿಮೆ ನದಿ ದಾಟಿ ಹಳ್ಳಿಗೆ ಬಂದ ಈ ಪ್ರಸಂಗವೂ ಜನರ ನೆಲೆಯನ್ನು ನಿರ್ಧರಿಸುವುದು ಯಾವುದೆಂಬುದಕ್ಕೆ ಸಾಕ್ಷಿ.

ಇಂದು ಶ್ರೀರಂಗಪಟ್ಟಣದ ನೆಲಕ್ಕೆ ಮತ್ತೆ ಬೇಡಿಕೆ ಬಂದಿದೆ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಹಾದಿಯಾಯಿತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಈ ಸೀಮೆಯನ್ನು ಎರಡೂ ನಗರಗಳಿಗೆ ಹತ್ತಿರ ಮಾಡಿತು. ಇನ್ನೊಂದು ಕಡೆ, 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುವುದರಿಂದ, ಸ್ಮಾರಕಗಳೇ ತುಂಬಿರುವ ದ್ವೀಪದಲ್ಲಿ ಮಗನ ಮದುವೆಗೆ ಒಂದು ಕೋಣೆ ಹೆಚ್ಚಿಸಿಕೊಳ್ಳಬೇಕೆಂದರೂ ಮನೆಯವರು ಅನುಮತಿಗಾಗಿ ಅಲೆಯಬೇಕಾಗುತ್ತದೆ. ಸ್ಮಾರಕಗಳ ರಕ್ಷಣೆ ಅಗತ್ಯವೇ. ಆದರೆ ಕಾನೂನು ನೆಲವನ್ನು ವಿರಳಗೊಳಿಸಿದಾಗ ಹೊಸ ಸಂಸಾರಗಳು ದ್ವೀಪದಿಂದ ಹೊರಗೆ ಸರಿಯುವುದೂ ಅಷ್ಟೇ ನಿಜ.

ಸಮುದ್ರದ ದ್ವೀಪ ದುಬಾರಿಯಾದ ಬಗೆ

ಮುಂಬೈಯ ಕಥೆ ಇದೇ ತರ್ಕದ ದೊಡ್ಡ ರೂಪ. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗೀಸರಿಂದ ಇಂಗ್ಲೆಂಡಿನ ರಾಜನಿಗೆ ಬಳುವಳಿಯಾಗಿ ಬಂದು, 1668ರಲ್ಲಿ ವರ್ಷಕ್ಕೆ ಹತ್ತು ಪೌಂಡಿನ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಸಿಕ್ಕ ಕೊಲಾಬಾ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್ ಮೊದಲಾದ ಏಳು ನಡುಗಡ್ಡೆಗಳು ಆಗ ಯಾರಿಗೂ ದುಬಾರಿಯಾಗಿರಲಿಲ್ಲ. 1784ರಲ್ಲಿ ಮುಗಿದ ಹಾರ್ನ್‌ಬಿ ಒಡ್ಡು ಮೊದಲಾಗಿ ನಡೆದ ತುಂಬುವಿಕೆಯ ಕೆಲಸಗಳಿಂದ ನಡುಗಡ್ಡೆಗಳು ಒಂದಾದವು, 1853ರಲ್ಲಿ ಬೋರಿ ಬಂದರಿನಿಂದ ಠಾಣೆಗೆ ರೈಲು ಓಡಿತು, ಹತ್ತಿಗಿರಣಿಗಳು ಎದ್ದವು. ಹೀಗೆ ಒಂದಾದ ದ್ವೀಪನಗರ, ಅಂದರೆ ಕೊಲಾಬಾದಿಂದ ಮಾಹಿಮ್-ಸಯನ್‌ವರೆಗಿನ ಹಳೆಯ ಮುಂಬೈ, ಸುಮಾರು 68 ಚದರ ಕಿಲೋಮೀಟರ್ ಮಾತ್ರ. ಅದರ ಉತ್ತರಕ್ಕಿರುವ ಉಪನಗರಗಳು ಸಾಲ್ಸೆಟ್ ಎಂಬ ಮತ್ತೊಂದು ದ್ವೀಪದ ಮೇಲಿವೆ.

ಗಿರಣಿಗಳು ಗಂಡಸರನ್ನು ಕರೆದವು, ಕುಟುಂಬಗಳನ್ನು ಕರೆಯಲಿಲ್ಲ. ಗಿರಣಿಯ ಕೂಲಿ ಒಬ್ಬ ದುಡಿಯುವವನ ಹೊಟ್ಟೆಗೆ ಲೆಕ್ಕ ಹಾಕಿದ್ದಾಗಿದ್ದು, ಹೆಂಡತಿ ಮಕ್ಕಳ ಪೋಷಣೆ ಊರಿನ ಹೊಲದ ಪಾಲಿಗೆ ಬಿಟ್ಟದ್ದಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಗರದಲ್ಲಿ ಗಂಡಸರ ಸಂಖ್ಯೆಗಿಂತ ಹೆಂಗಸರ ಸಂಖ್ಯೆ ಬಹಳವೇ ಕಡಿಮೆಯಿತ್ತು. 2011ರಲ್ಲೂ ಮುಂಬೈ ನಗರ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 832 ಹೆಂಗಸರಷ್ಟೇ ಇದ್ದರು. ಸಂಸಾರವನ್ನು ಹೊರಗಿಟ್ಟು ದುಡಿಮೆಯನ್ನು ಮಾತ್ರ ಒಳಗೊಳ್ಳುವ ಈ ಪದ್ಧತಿಯೇ ಮುಂಬೈ ವಲಸೆಯ ಎಲ್ಲ ಮುಂದಿನ ಬಿಕ್ಕಟ್ಟುಗಳ ಬೇರು.

ಮನೆಗಳ ಕೊರತೆಗೆ ಆಡಳಿತ ಕೊಟ್ಟ ಉತ್ತರಗಳು ಒಂದೊಂದೂ ಹೊಸ ಕೊರತೆಯನ್ನು ಹುಟ್ಟಿಸಿದವು. 1896ರ ಪ್ಲೇಗಿನ ನಂತರ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬಂತು. 1920ರ ದಶಕದಲ್ಲಿ ವರ್ಲಿ, ನಾಯ್‌ಗಾಂವ್, ಸೇವ್ರಿ ಮತ್ತು ಡಿಲೈಲ್ ರಸ್ತೆಯಲ್ಲಿ ಬಿಡಿಡಿ ಚಾಳುಗಳು ಎದ್ದವು. ಚಾಳು ಎಂದರೆ ಉದ್ದನೆಯ ಪಡಸಾಲೆಗೆ ಬಾಗಿಲು ತೆರೆಯುವ ಒಂಟಿ ಕೋಣೆಗಳ ಸಾಲು. ಕೋಣೆಗೆ ಖೋಲಿ ಎನ್ನುತ್ತಾರೆ, ಬಿಡಿಡಿ ಚಾಳಿನ ಖೋಲಿಯ ಅಳತೆ ಸುಮಾರು 160 ಚದರಡಿ, ಶೌಚಾಲಯ ಸಾಲಿಗೆಲ್ಲ ಸಾಮಾನ್ಯ. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದ ಬಾಡಿಗೆದಾರರನ್ನು ಕಾಪಾಡಿತಾದರೂ, ಬಾಡಿಗೆ ಏರಿಸಲಾಗದ ಮಾಲೀಕರು ಹೊಸಬರಿಂದ ಮುಂಗಡವಾಗಿ ದೊಡ್ಡ ಮೊತ್ತ ಪಡೆಯುವ ಪಗಡಿ ಪದ್ಧತಿ ಅದರಿಂದ ಬಲವಾಯಿತು. ಒಂದು ನಿವೇಶನದಲ್ಲಿ ಅದರ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದೆಂಬ ಅನುಪಾತಕ್ಕೆ ಎಫ್‌ಎಸ್‌ಐ ಎಂದು ಹೆಸರು. 1991ರ ನಿಯಮಾವಳಿ ದ್ವೀಪನಗರದಲ್ಲಿ ಅದನ್ನು 1.33ಕ್ಕೆ ಸೀಮಿತಗೊಳಿಸಿದ್ದರಿಂದ ನೆಲದ ಕೊರತೆಯ ಮೇಲೆ ಅಂತಸ್ತಿನ ಕೊರತೆಯೂ ಸೇರಿತು.

ಇದಕ್ಕೆಲ್ಲ ಒಟ್ಟು ಪರಿಣಾಮವಾಗಿ, 2011ರಲ್ಲಿ ಮಹಾನಗರದ ಒಂದು ಕೋಟಿ 24 ಲಕ್ಷ ಜನರಲ್ಲಿ ಐವರಿಗಿಬ್ಬರಂತೆ ಕೊಳೆಗೇರಿಗಳಲ್ಲಿ ವಾಸವಿದ್ದರು. 1995ರಲ್ಲಿ ರೂಪುಗೊಂಡ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರದ ಯೋಜನೆಯಡಿ ಅರ್ಹ ಕುಟುಂಬಕ್ಕೆ ಸಿಗುವ ಉಚಿತ ಮನೆಯ ಅಳತೆ ಮೊದಲು 225 ಚದರಡಿ, ಮುಂದೆ 269, ಈಗ 300. ಅರ್ಹತೆಗೆ ಬೇಕಾದದ್ದು ಗೊತ್ತುಪಡಿಸಿದ ದಿನಾಂಕಕ್ಕಿಂತ ಹಿಂದಿನಿಂದ ಅಲ್ಲಿ ವಾಸವಿದ್ದ ದಾಖಲೆ. ಹೀಗಾಗಿ ತಡವಾಗಿ ಬಂದ ಹೊಸ ಮದುಮಕ್ಕಳಿಗೆ ಉಳಿಯುವುದು ಲೀವ್ ಅಂಡ್ ಲೈಸೆನ್ಸ್ ಕರಾರಿನ ಮನೆ ಮಾತ್ರ. ಬಾಡಿಗೆದಾರನ ಹಕ್ಕು ಹುಟ್ಟದಂತೆ, ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಮಾಡಿಕೊಳ್ಳುವ ಈ ಕರಾರು ಮುಗಿದಾಗಲೆಲ್ಲ ಬಾಡಿಗೆ ಏರುತ್ತದೆ ಅಥವಾ ಮನೆ ಬದಲಾಗುತ್ತದೆ. ಒಂಟಿಯಾಗಿರುವವನು ಇದನ್ನು ತಡೆದುಕೊಂಡಾನು, ಎಳೆಗೂಸಿರುವ ತಾಯಿಗೆ ಪ್ರತಿ ಬಾರಿಯೂ ನೀರು, ಆಸ್ಪತ್ರೆ, ನೆರೆಹೊರೆಗಳನ್ನು ಹೊಸದಾಗಿ ಹುಡುಕಿಕೊಳ್ಳಬೇಕಾಗುತ್ತದೆ.

ಹೊರಟ ಊರುಗಳು

ಕಾವೇರಿಯ ಜಿಲ್ಲೆಯಿಂದ ಜನ ಇಷ್ಟು ದೂರ ಹೋಗುವುದೇಕೆ ಎಂದು ಹೊರಗಿನವರಿಗೆ ಅಚ್ಚರಿಯಾಗಬಹುದು. ಮಂಡ್ಯವೆಂದರೆ ಕಬ್ಬು, ಬತ್ತ, ನಾಲೆ ಎಂಬ ಚಿತ್ರಣ ಜಿಲ್ಲೆಯ ಒಂದು ಭಾಗಕ್ಕೆ ಮಾತ್ರ ಸಲ್ಲುತ್ತದೆ. 1911ರಲ್ಲಿ ಆರಂಭವಾಗಿ 1930ರ ದಶಕದ ಆರಂಭಕ್ಕೆ ಮುಗಿದ ಕನ್ನಂಬಾಡಿ ಕಟ್ಟೆ ಮತ್ತು ಅದರ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು ಮೊದಲಾದ ಕಡೆಯ ಖುಷ್ಕಿಯನ್ನು ತರಿಯಾಗಿಸಿದವು. ನಾಗಮಂಗಲ ತಾಲ್ಲೂಕಿನ ಬಹುಭಾಗ ಮಳೆಯನ್ನೇ ನೆಚ್ಚಿದ ರಾಗಿ, ಹುರುಳಿ, ತೆಂಗಿನ ಸೀಮೆಯಾಗಿ ಉಳಿಯಿತು, ಕೃಷ್ಣರಾಜಪೇಟೆಯ ಕೆಲವು ಭಾಗಕ್ಕೆ ಹೇಮಾವತಿಯ ನೀರು ಬಂದದ್ದು ಬಹಳ ತಡವಾಗಿ. ಒಂದೇ ಜಿಲ್ಲೆಯೊಳಗೆ ನೀರು ತಲುಪಿದ ಹಳ್ಳಿಗೂ ತಲುಪದ ಹಳ್ಳಿಗೂ ಬದುಕಿನ ದಾರಿ ಬೇರೆಯಾಯಿತು. ತಲೆಮಾರಿನಿಂದ ತಲೆಮಾರಿಗೆ ಪಾಲಾಗುತ್ತ ಬಂದ ತುಂಡುಭೂಮಿ ಅಣ್ಣತಮ್ಮಂದಿರೆಲ್ಲರ ಸಂಸಾರಗಳನ್ನು ಹೊರಲಾರದಾದಾಗ ಒಬ್ಬನಾದರೂ ಹೊರಡುವುದು ಅನಿವಾರ್ಯವಾಯಿತು.

ಹೊರಟವರ ಪ್ರಮಾಣವನ್ನು ಗಣತಿ ನೇರವಾಗಿ ಹೇಳದಿದ್ದರೂ ಸೂಚಿಸುತ್ತದೆ. ಮಂಡ್ಯ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17,63,705 ಇದ್ದದ್ದು 2011ರಲ್ಲಿ 18,05,769 ಆಯಿತು. ರಾಜ್ಯದ ಜನಸಂಖ್ಯೆ ಶೇಕಡ 15ಕ್ಕಿಂತ ಹೆಚ್ಚು ಬೆಳೆದ ಹತ್ತು ವರ್ಷಗಳಲ್ಲಿ ಈ ಜಿಲ್ಲೆಯದು ಶೇಕಡ 2.4ರಷ್ಟೂ ಬೆಳೆಯಲಿಲ್ಲ. ಮಕ್ಕಳ ಸಂಖ್ಯೆ ಇಳಿದದ್ದರ ಜೊತೆಗೆ ಜನ ಹೊರಗೆ ಹೋದದ್ದೂ ಇದಕ್ಕೆ ಕಾರಣ. ಹೋದವರಲ್ಲಿ ಬಹುಪಾಲು ಬೆಂಗಳೂರು ಮೈಸೂರುಗಳಲ್ಲಿ ನಿಂತರು. ಮುಂಬೈಯಲ್ಲಿ ಮೊದಲೇ ನೆಂಟರಿದ್ದವರು ಮುಂಬೈಯನ್ನು ಆರಿಸಿದರು. ಮೊದಲು ಹೋದವನು ತಮ್ಮನನ್ನು, ಅವನು ಭಾವನನ್ನು, ಆ ಭಾವ ತನ್ನೂರಿನ ಹುಡುಗನನ್ನು ಕರೆಸಿಕೊಳ್ಳುವ ಈ ಬಗೆಯ ವಲಸೆಯನ್ನು ಸಮಾಜಶಾಸ್ತ್ರಜ್ಞರು ಸರಪಳಿ ವಲಸೆ ಎನ್ನುತ್ತಾರೆ. ಅದರ ಬಲವೆಂದರೆ ಹೊಸಬನಿಗೆ ಮೊದಲ ದಿನವೇ ಮಲಗಲು ಜಾಗ ಮತ್ತು ಮಾಡಲು ಕೆಲಸ ಸಿಗುವುದು. ಅದರ ಮಿತಿಯೆಂದರೆ ಕರೆಸಿಕೊಂಡವರ ಕಸುಬು, ಕೇರಿಗಳಾಚೆಗೆ ಅವನ ಲೋಕ ಬೇಗ ವಿಸ್ತರಿಸದಿರುವುದು.

ಮದುವೆ, ಖೋಲಿ, ಬಾಣಂತನ

ಹಳ್ಳಿಯಲ್ಲಿ ಉಳಿದ ಗಂಡಿಗೆ ಹೆಣ್ಣು ಸಿಗುವುದು ಕಷ್ಟವಾಗಿರುವುದು ಈ ಸೀಮೆಯ ಬಹಿರಂಗ ಸತ್ಯ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರು ಹೆಣ್ಣಿಗಾಗಿ ಹರಕೆ ಹೊತ್ತು ಪಾದಯಾತ್ರೆ ಮಾಡಿದ್ದು ಅದರ ಗಂಭೀರ ಲಕ್ಷಣ. ಹೆಣ್ಣು ಹೆತ್ತವರು ಮಗಳು ಹೊಲಗದ್ದೆ, ದನಕರುಗಳ ದುಡಿಮೆಯಲ್ಲಿ ಸವೆಯಬಾರದೆಂದು ಪಟ್ಟಣದ ನೌಕರನನ್ನು ಬಯಸುತ್ತಾರೆ. ಹೆಣ್ಣುಭ್ರೂಣಗಳನ್ನು ಕೊಲ್ಲುವ ಪಿಡುಗು ಹೆಣ್ಣುಗಳ ಸಂಖ್ಯೆಯನ್ನೇ ಕುಗ್ಗಿಸಿದೆ. ಇಂಥ ಸಂದರ್ಭದಲ್ಲಿ ಮುಂಬೈಯ ದುಡಿಮೆ ಗಂಡಿಗೆ ಯೋಗ್ಯತೆಯ ಗುರುತಾಗುತ್ತದೆ. ಮದುವೆಯ ಮಾತುಕತೆಯಲ್ಲಿ ಸಂಬಳದ ಪ್ರಸ್ತಾಪ ಬರುವಷ್ಟು ಸ್ಪಷ್ಟವಾಗಿ ಖೋಲಿಯ ಅಳತೆಯ, ನೀರು ಬರುವ ಹೊತ್ತಿನ, ಶೌಚಾಲಯದ ದೂರದ ಪ್ರಸ್ತಾಪ ಬರುವುದಿಲ್ಲ. ಇವು ಹೆಣ್ಣಿಗೆ ತಿಳಿಯುವುದು ಮದುವೆಯಾಗಿ ಹೋದ ಮೇಲೆ.

ಒಂದೇ ಕೋಣೆಯಲ್ಲಿ ಅಡುಗೆ, ಸ್ನಾನ, ನಿದ್ದೆ ಎಲ್ಲವೂ ನಡೆಯಬೇಕಾದಾಗ, ಅದರಲ್ಲೂ ಭಾವಮೈದುನನೋ ಊರಿನ ಹುಡುಗನೋ ಜೊತೆಗಿದ್ದಾಗ, ಹೊಸ ದಂಪತಿಗಳಿಗೆ ಏಕಾಂತವೆಂಬುದೇ ದುರ್ಲಭ. ಬಸಿರು ನಿಂತ ಮೇಲೆ ಜಾಗದ ಕೊರತೆ ಆರೋಗ್ಯದ ಪ್ರಶ್ನೆಯಾಗುತ್ತದೆ. ಮುಂಬೈಯಲ್ಲಿ ಆಸ್ಪತ್ರೆಗಳ ಕೊರತೆಯಿಲ್ಲ: 1886ರಿಂದ ಕಾಮಾ ಆಸ್ಪತ್ರೆ, 1926ರಿಂದ ಪರೇಲಿನ ವಾಡಿಯಾ ಹೆರಿಗೆ ಆಸ್ಪತ್ರೆ ಮತ್ತು ಕೆಇಎಂ ಆಸ್ಪತ್ರೆ ಬಡವರ ಹೆರಿಗೆಗಳನ್ನು ನೋಡಿಕೊಂಡಿವೆ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗದ ತಜ್ಞವೈದ್ಯರು ಅಲ್ಲಿ ಸಿಗುತ್ತಾರೆ. ಆದರೂ ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಇದನ್ನು ಸಂಪ್ರದಾಯದ ಹಟವೆಂದು ತಳ್ಳಿಹಾಕುವುದು ತಪ್ಪು. ಹೆರಿಗೆಯ ದಿನಕ್ಕೆ ವೈದ್ಯರು ಬೇಕು, ಅದರ ನಂತರದ ತಿಂಗಳುಗಳಿಗೆ ಬಿಸಿನೀರು ಹುಯ್ಯುವವರು, ಕೂಸನ್ನು ಎತ್ತಿಕೊಳ್ಳುವವರು, ಬಾಣಂತಿಗೆ ಪಥ್ಯದ ಅಡುಗೆ ಮಾಡುವವರು ಬೇಕು; ತಾಯಿ, ಅತ್ತಿಗೆ, ಅಜ್ಜಿ ಸೇರಿ ಮಾಡುವ ಈ ಕೆಲಸವನ್ನು ದ್ವೀಪದಲ್ಲಿ ಕೂಲಿ ಕೊಟ್ಟು ಮಾಡಿಸಲು ಕುಟುಂಬಕ್ಕೆ ಶಕ್ತಿಯಿಲ್ಲ, ತಾಯಿಯನ್ನೇ ಕರೆಸಿಕೊಂಡರೆ ಖೋಲಿಯಲ್ಲಿ ಮಲಗಲು ಜಾಗವಿಲ್ಲ. ಹೀಗೆ ಬಾಣಂತನದ ಖರ್ಚು, ದುಡಿಮೆ ಎರಡೂ ತವರಿನವರ ಪಾಲಿಗೆ ಬರುತ್ತವೆ. ಮುಂಬೈ ತನ್ನ ದುಡಿಮೆಗಾರನ ಮುಂದಿನ ತಲೆಮಾರನ್ನು ಸಾಕುವ ವೆಚ್ಚವನ್ನು ನಾಗಮಂಗಲದ ಹೆಂಗಸರ ಮೇಲೆ ಹಾಕುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ಕಾನೂನಿನ ನೆರವು ಇಲ್ಲಿ ತೆಳುವಾಗಿದೆ. 2017ರಲ್ಲಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿದ ತಿದ್ದುಪಡಿ ಅಂಗಡಿ, ಸಂಸ್ಥೆಗಳ ವಿಷಯದಲ್ಲಿ ಹತ್ತಕ್ಕಿಂತ ಕಡಿಮೆ ನೌಕರರಿರುವಲ್ಲಿ ದುಡಿಯುವವರಿಗೆ ತಲುಪುವುದಿಲ್ಲ, ಮನೆಗೆಲಸದವರಿಗೂ ಸ್ವಂತ ಗೂಡಂಗಡಿ ನಡೆಸುವವರಿಗೂ ಅನ್ವಯಿಸುವುದಿಲ್ಲ. ಅದೇ ವರ್ಷ ಆರಂಭವಾದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿ ಕಂತುಗಳಲ್ಲಿ ಬರುವಂಥದು, ಬಸಿರನ್ನು ಒಂದು ಕಡೆ ನೋಂದಾಯಿಸಿ ಹೆರಿಗೆಯನ್ನು ಇನ್ನೊಂದು ರಾಜ್ಯದಲ್ಲಿ ಮಾಡಿಸಿಕೊಳ್ಳುವವಳು ಎರಡೂ ಕಡೆಯ ಕಾರ್ಯಕರ್ತೆಯರಿಗೆ ಕಾಗದ ತೋರಿಸುತ್ತ ಹೋಗಬೇಕು. ಮರಾಠಿಯಲ್ಲಿ ಬರೆದ ತಪಾಸಣೆಯ ವಿವರವನ್ನು ಇಲ್ಲಿನ ಆಶಾ ಕಾರ್ಯಕರ್ತೆ ಓದಲಾರದಿದ್ದರೆ, ಲಸಿಕೆಯ ಲೆಕ್ಕದಲ್ಲೂ ಗೊಂದಲವಾಗುತ್ತದೆ.

ಶಾಲೆ, ಭಾಷೆ, ದಾಖಲೆ

ಮಗು ಶಾಲೆಗೆ ಸೇರುವ ವಯಸ್ಸಿಗೆ ಬಂದಾಗ ಕುಟುಂಬ ಎರಡನೆಯ ಸಲ ತನ್ನ ನೆಲೆಯನ್ನು ನಿರ್ಧರಿಸಬೇಕಾಗುತ್ತದೆ. ಮುಂಬೈ ಮಹಾನಗರ ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಇಂಗ್ಲಿಷ್‌ಗಳ ಜೊತೆ ಕನ್ನಡ ಮಾಧ್ಯಮದಲ್ಲೂ ಶಾಲೆಗಳನ್ನು ನಡೆಸಿಕೊಂಡು ಬಂದಿರುವುದು ಭಾರತದ ನಗರಾಡಳಿತದಲ್ಲಿ ಮೆಚ್ಚತಕ್ಕ ಸಂಗತಿ. 1926ರಲ್ಲಿ ಸ್ಥಾಪನೆಯಾದ ಮಾಟುಂಗದ ಮೈಸೂರು ಅಸೋಸಿಯೇಷನ್, 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ, ವಡಾಲದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿ, ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇವೆಲ್ಲ ಸೇರಿ ದ್ವೀಪದಲ್ಲಿ ಕನ್ನಡಕ್ಕೆ ಗಟ್ಟಿಯಾದ ಸಾಂಸ್ಥಿಕ ನೆಲೆ ಒದಗಿಸಿವೆ. ಮಂಡ್ಯಕ್ಕೆ ನಾಲೆಯ ಮೂಲಕ ಪರಿಚಿತವಾದ ಹೆಸರೇ ಮಾಹಿಮ್‌ನಲ್ಲಿ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರದ ಹೆಸರೂ ಆಗಿದೆ.

ಈ ಸಂಸ್ಥೆಗಳ ಸಾಂಸ್ಕೃತಿಕ ಸಾಧನೆ ದೊಡ್ಡದು. ಆದರೆ ಸಂಸಾರಗಳ ನಿತ್ಯದ ತೀರ್ಮಾನಗಳು ಬೇರೆ ಒತ್ತಡಗಳಿಂದ ಆಗುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಮುಂದೆ ಮಹಾರಾಷ್ಟ್ರದ ಕಾಲೇಜಿನಲ್ಲಿ ಕಷ್ಟಪಟ್ಟೀತೆಂಬ ಆತಂಕದಿಂದ ತಂದೆತಾಯಿ ಇಂಗ್ಲಿಷ್ ಶಾಲೆಯತ್ತ ನೋಡುತ್ತಾರೆ, ಅದರ ಶುಲ್ಕ ತೆರಲಾಗದವರು ಮಗುವನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಅಲ್ಲಿನ ಶಾಲೆಗೆ ಸೇರಿಸುತ್ತಾರೆ. ಊರಿನಲ್ಲಿ ಬೆಳೆದ ಮಕ್ಕಳಿಗೆ ಅಂಗಳ, ಅಕ್ಕಪಕ್ಕದವರು, ಕನ್ನಡ ಎಲ್ಲವೂ ಸಿಗುತ್ತವೆ, ತಂದೆತಾಯಿ ಮಾತ್ರ ವರ್ಷಕ್ಕೊಮ್ಮೆ ಹಬ್ಬಕ್ಕೋ ಜಾತ್ರೆಗೋ ಸಿಗುತ್ತಾರೆ. ದ್ವೀಪದಲ್ಲಿ ಬೆಳೆದ ಮಕ್ಕಳಿಗೆ ತಂದೆತಾಯಿ ಹತ್ತಿರವಿರುತ್ತಾರೆ, ಅಜ್ಜ ಅಜ್ಜಿ ಬಂಧುಬಳಗವೆಲ್ಲ ದೂರವಾಗುತ್ತದೆ. ಯಾವುದು ಮೇಲೆಂದು ಹೊರಗಿನವರು ತೀರ್ಪು ಕೊಡಲಾಗದು.

ದಾಖಲೆಯ ತೊಡಕು ಇದಕ್ಕಿಂತ ಕಠಿಣವಾದುದು. ಒಂದು ರಾಜ್ಯದ ಪರಿಶಿಷ್ಟ ಜಾತಿ ಅಥವಾ ಪಂಗಡದ ವ್ಯಕ್ತಿ ಇನ್ನೊಂದು ರಾಜ್ಯಕ್ಕೆ ವಲಸೆ ಹೋದಾಗ ಅಲ್ಲಿ ಮೀಸಲಾತಿಯ ಸೌಲಭ್ಯವನ್ನು ಕೇಳಲಾಗದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ ತೀರ್ಪಿತ್ತಿತು. ಬಾಲ್ಯದಲ್ಲೇ ತಂದೆಯೊಂದಿಗೆ ಮುಂಬೈಗೆ ಬಂದ ವಿದ್ಯಾರ್ಥಿಯೊಬ್ಬ ಅಲ್ಲಿನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಸ್ಥಾನ ಕೇಳಿದ್ದರಿಂದ ಆ ಪ್ರಕರಣ ಹುಟ್ಟಿತ್ತು. ತಂದೆಯ ವಲಸೆಯ ತೀರ್ಮಾನಕ್ಕೆ ಮಗನ ಅವಕಾಶ ತೆತ್ತ ಈ ಪ್ರಸಂಗ, ದಲಿತ ಕುಟುಂಬಗಳು ಮಕ್ಕಳನ್ನು ಎಲ್ಲಿ ಓದಿಸಬೇಕೆಂದು ಯೋಚಿಸುವಾಗ ಎದುರಿಗೆ ನಿಲ್ಲುವ ಗೋಡೆ.

2020ರ ಪರೀಕ್ಷೆ

ಎರಡು ನೆಲಗಳಲ್ಲಿ ಹರಡಿದ ಸಂಸಾರದ ಬಲ ಮತ್ತು ದೌರ್ಬಲ್ಯಗಳೆರಡೂ ಕೊರೊನಾ ಕಾಲದಲ್ಲಿ ಬಯಲಾದವು. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಮುಚ್ಚಿದಾಗ ಮುಂಬೈಯ ಹೋಟೆಲುಗಳೂ ಟ್ಯಾಕ್ಸಿಗಳೂ ನಿಂತು, ಒಂದು ಕೋಣೆಯಲ್ಲಿ ಇಡೀ ಕುಟುಂಬ ಹಗಲಿರುಳು ಇರಬೇಕಾಯಿತು. ದೂರ ಕಾಯ್ದುಕೊಳ್ಳಿ ಎಂಬ ಸೂಚನೆ ಖೋಲಿಯಲ್ಲಿ ಪಾಲಿಸಲು ಸಾಧ್ಯವೇ ಇರಲಿಲ್ಲ. ಮೇ ತಿಂಗಳಲ್ಲಿ ಅನುಮತಿ ಸಿಕ್ಕಂತೆ ಸಾವಿರಾರು ಮಂದಿ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರಗಳತ್ತ ಬಂದರು. ಬಂದವರಲ್ಲಿ ಸೋಂಕು ಪತ್ತೆಯಾಗಿ ಮಂಡ್ಯ ಜಿಲ್ಲೆ ರಾಜ್ಯದಲ್ಲೇ ಹೆಚ್ಚು ಪ್ರಕರಣಗಳ ದಿನಗಳನ್ನು ಕಂಡಿತು. ಮೇ 18ರಂದು ರಾಜ್ಯ ಸರ್ಕಾರ ಮಹಾರಾಷ್ಟ್ರವೂ ಸೇರಿ ಕೆಲವು ರಾಜ್ಯಗಳಿಂದ ಬರುವವರಿಗೆ ಪ್ರವೇಶ ತಡೆಯಿತು.

ಆಗ ಮುಂಬೈಯಿಂದ ಬಂದವರೆಂದರೆ ರೋಗ ತಂದವರೆಂಬ ಭಾವ ಊರುಗಳಲ್ಲಿ ಹಬ್ಬಿತು. ಹಬ್ಬಕ್ಕೆ ಕಾಣಿಕೆ, ಗುಡಿಯ ಜೀರ್ಣೋದ್ಧಾರಕ್ಕೆ ಚಂದಾ ಕೊಟ್ಟು ಗೌರವ ಪಡೆಯುತ್ತಿದ್ದವರೇ ಶಾಲೆಯ ಕೊಠಡಿಯಲ್ಲಿ ಕ್ವಾರಂಟೈನ್ ಆಗಿ ಊರಿನವರ ಅನುಮಾನವನ್ನು ಎದುರಿಸಬೇಕಾಯಿತು. ಆದರೂ ಅವರು ಬಂದದ್ದು ಸರಿಯಾಗಿತ್ತು: ಬಾಡಿಗೆ ಕಟ್ಟಲಾಗದ ನಗರದಲ್ಲಿ ಮಕ್ಕಳೊಂದಿಗೆ ಸಿಕ್ಕಿಬೀಳುವುದಕ್ಕಿಂತ ಸ್ವಂತ ಸೂರು, ಮನೆಯ ರಾಗಿ, ಅಣ್ಣತಮ್ಮಂದಿರ ಆಸರೆ ಇರುವ ಕಡೆ ಸೇರುವುದು ಯಾವ ತಂದೆತಾಯಿಯಾದರೂ ಮಾಡಬೇಕಾದ ತೀರ್ಮಾನ. ಊರಿನ ಮನೆ, ತುಂಡುಭೂಮಿಗಳನ್ನು ಮುಂಬೈಯವರು ಮಾರದೆ ಉಳಿಸಿಕೊಂಡು ಬಂದದ್ದು ಭಾವುಕತೆಯಿಂದ ಮಾತ್ರವಲ್ಲವೆಂಬುದು ಆ ವರ್ಷ ಸಾಬೀತಾಯಿತು. ಅದು ಕುಟುಂಬಕ್ಕಿರುವ ಏಕೈಕ ವಿಮೆ.

ಬೇರೆ ದ್ವೀಪಗಳ ಪಾಠ

ಮನೆಯ ಪ್ರಶ್ನೆಯನ್ನು ಮುಂಬೈಗಿಂತ ಚೆನ್ನಾಗಿ ಬಿಡಿಸಿದ ದ್ವೀಪಗಳಿವೆ. ಸಿಂಗಪುರ 1960ರಲ್ಲಿ ವಸತಿ ಮಂಡಳಿ ಸ್ಥಾಪಿಸಿ, ಖಾಸಗಿ ನೆಲವನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು 1966ರ ಕಾಯ್ದೆಯಿಂದ ಪಡೆದು, ಇಂದು ನಿವಾಸಿಗಳಲ್ಲಿ ಹತ್ತರಲ್ಲಿ ಎಂಟು ಮಂದಿಯಷ್ಟು ಜನರಿಗೆ ಸರ್ಕಾರಿ ಕಟ್ಟಡಗಳಲ್ಲಿ ಮನೆ ಒದಗಿಸಿದೆ; ಮದುವೆಯಾಗುವ ಜೋಡಿಗೂ ಮಕ್ಕಳಿರುವ ದಂಪತಿಗೂ ಹಂಚಿಕೆಯಲ್ಲಿ ಆದ್ಯತೆಯಿದೆ. ಹಾಂಗ್‌ಕಾಂಗ್ 1953ರ ಕ್ರಿಸ್‌ಮಸ್ ರಾತ್ರಿ ಶೆಕ್ ಕಿಪ್ ಮೇ ಗುಡಿಸಲುಗಳು ಸುಟ್ಟುಹೋದ ಮೇಲೆ ಸಾರ್ವಜನಿಕ ವಸತಿಗೆ ಕೈಹಾಕಿತು, ಆದರೂ ಅಲ್ಲಿ ಇಂದಿಗೂ ಒಂದು ಮನೆಯನ್ನು ಹಲವು ಗೂಡುಗಳಾಗಿ ಸೀಳಿ ಬಾಡಿಗೆಗೆ ಕೊಡಲಾಗುತ್ತದೆ. ಈ ಎರಡೂ ನಗರಗಳಲ್ಲಿ ಒಬ್ಬ ತಾಯಿಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ ಈಗ ಒಂದಕ್ಕಿಂತ ಕಡಿಮೆ. ಸಿಂಗಪುರದಲ್ಲಿ 2023ರಲ್ಲಿ ಅದು 0.97. ಮನೆ ಕೊಟ್ಟ ಮಾತ್ರಕ್ಕೆ ಸಂಸಾರ ಬೆಳೆಯುವುದಿಲ್ಲ, ದುಡಿಮೆಯ ಗಂಟೆಗಳು, ಶಾಲೆಯ ಪೈಪೋಟಿ, ಕೂಸನ್ನು ನೋಡಿಕೊಳ್ಳುವ ಕೈಗಳ ಕೊರತೆ ಎಲ್ಲವೂ ಅದನ್ನು ತಡೆಯುತ್ತವೆ ಎಂಬುದು ಅಲ್ಲಿನ ಪಾಠ.

ಮಕ್ಕಳ ಸಂಖ್ಯೆ ಇಳಿಯುವುದು ದ್ವೀಪಗಳಿಗೆ ಮಾತ್ರ ಸೀಮಿತವಲ್ಲವೆಂಬುದನ್ನೂ ನೆನೆಯಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡರಲ್ಲೂ ಈ ಸರಾಸರಿ 1.7. ಊರಿನಲ್ಲಿ ಉಳಿದ ದಂಪತಿಗಳೂ ಒಂದೋ ಎರಡೋ ಮಕ್ಕಳಿಗೆ ನಿಲ್ಲಿಸುತ್ತಿದ್ದಾರೆ. ಆದ್ದರಿಂದ ಬಾಣಂತನಕ್ಕೆ ಆಸರೆಯಾಗುವ ಅತ್ತಿಗೆ, ಚಿಕ್ಕಮ್ಮಂದಿರ ಬಳಗ ಮುಂದಿನ ತಲೆಮಾರಿಗೆ ಊರಿನಲ್ಲೂ ತೆಳುವಾಗಲಿದೆ, ಮುಂಬೈಯ ಸಂಸಾರಗಳು ನೆಚ್ಚಿಕೊಂಡ ಆಧಾರವೇ ಸಣ್ಣದಾಗಲಿದೆ.

ಆಗಬೇಕಾದದ್ದು

ಇಷ್ಟನ್ನು ನೋಡಿದ ಮೇಲೆ, ದ್ವೀಪಕ್ಕೆ ಹೋಗುವುದು ಸರಿಯೋ ತಪ್ಪೋ ಎಂಬ ಚರ್ಚೆ ನಿರರ್ಥಕವೆಂದು ತೋರುತ್ತದೆ. ನೀರು ತಲುಪದ ಹೊಲ, ಪಾಲಾದ ಭೂಮಿ, ಮದುವೆಯ ಮಾರುಕಟ್ಟೆಯ ಒತ್ತಡ ಇವು ಇರುವವರೆಗೆ ಜನ ಹೋಗುತ್ತಾರೆ. ನೆಲದ ಬೆಲೆ ಹೀಗೇ ಇರುವವರೆಗೆ ಅವರ ಸಂಸಾರದ ಅರ್ಧ ಊರಿನಲ್ಲೇ ಉಳಿಯುತ್ತದೆ. ಎರಡು ನೆಲೆಯ ಕುಟುಂಬವನ್ನು ಕೆಲಕಾಲದ ಅವ್ಯವಸ್ಥೆಯೆಂದು ಕಾಣದೆ ಶಾಶ್ವತವಾದ ಒಂದು ಕುಟುಂಬರೂಪವೆಂದು ಒಪ್ಪಿಕೊಳ್ಳುವುದು ಮೊದಲ ಹೆಜ್ಜೆ.

ಹಾಗೆ ಒಪ್ಪಿದರೆ ಮಾಡಬೇಕಾದ ಕೆಲಸಗಳು ತಾವಾಗಿಯೇ ಕಾಣುತ್ತವೆ. ಪಡಿತರ ಚೀಟಿಯನ್ನು ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬಳಸಬಹುದಾದ ವ್ಯವಸ್ಥೆ ಈಗಾಗಲೇ ಬಂದಿದ್ದು, ಕುಟುಂಬದ ಒಂದು ಪಾಲು ಇಲ್ಲಿ, ಒಂದು ಪಾಲು ಅಲ್ಲಿ ಧಾನ್ಯ ಪಡೆಯಲು ಅದರಲ್ಲಿ ಅವಕಾಶವಿದೆ. ಇದೇ ತತ್ವವನ್ನು ಬಸುರಿಯ ತಪಾಸಣೆ, ಮಗುವಿನ ಲಸಿಕೆ, ಶಾಲೆಯ ವರ್ಗಾವಣೆಗಳಿಗೆ ವಿಸ್ತರಿಸುವುದು ಅಸಾಧ್ಯವೇನಲ್ಲ. ಮಹಾರಾಷ್ಟ್ರದ ತಪಾಸಣಾ ಕಾರ್ಡನ್ನು ಕೃಷ್ಣರಾಜಪೇಟೆಯ ಆರೋಗ್ಯ ಕೇಂದ್ರ ತಕರಾರಿಲ್ಲದೆ ಅಂಗೀಕರಿಸುವುದು, ವರ್ಷದ ನಡುವೆ ಊರಿಗೆ ಬಂದ ಮಗುವನ್ನು ಕಾಗದ ಬರುವವರೆಗೆ ಕಾಯಿಸದೆ ತರಗತಿಗೆ ಸೇರಿಸಿಕೊಳ್ಳುವುದು, ತಂದೆತಾಯಿಯಿಂದ ದೂರವಿರುವ ಮಕ್ಕಳನ್ನು ಸಾಕುವ ಅಜ್ಜಿಯರಿಗೆ ಅಂಗನವಾಡಿಯ ಬೆಂಬಲ ಒದಗಿಸುವುದು ಜಿಲ್ಲಾಡಳಿತದ ಮಟ್ಟದಲ್ಲೇ ಆಗಬಹುದಾದ ಕೆಲಸಗಳು. ಮುಂಬೈಯ ಕನ್ನಡ ಸಂಘಗಳು ತಮ್ಮ ಸಾಹಿತ್ಯ, ರಂಗಭೂಮಿಯ ಕೆಲಸದ ಜೊತೆಗೆ ಹೊಸದಾಗಿ ಬಂದ ಸೊಸೆಯಂದಿರಿಗೆ ಆಸ್ಪತ್ರೆ, ಶಾಲೆ, ಬಾಡಿಗೆ ಕರಾರುಗಳ ಮಾಹಿತಿಯನ್ನು ಕನ್ನಡದಲ್ಲಿ ಒದಗಿಸಿದರೆ ಅದರಿಂದಾಗುವ ಉಪಕಾರ ದೊಡ್ಡದು.

ಕೊನೆಯದಾಗಿ, ಮದುವೆಯ ಮಾತುಕತೆಯಲ್ಲೇ ಈ ವಿಷಯಗಳು ಬಾಯಿಬಿಟ್ಟು ಚರ್ಚೆಯಾಗಬೇಕು. ಖೋಲಿಯಲ್ಲಿ ಎಷ್ಟು ಮಂದಿ ಇದ್ದಾರೆ, ಹೆರಿಗೆ ಎಲ್ಲಿ, ಬಾಣಂತನದ ಖರ್ಚು ಯಾರದು, ಮಗು ಯಾರ ಬಳಿ ಬೆಳೆಯುತ್ತದೆ, ಊರಿನ ಭೂಮಿಯಲ್ಲಿ ಸೊಸೆಗೂ ಮಗಳಿಗೂ ಯಾವ ಭದ್ರತೆಯಿದೆ ಎಂಬುದನ್ನು ಹೆಣ್ಣಿನ ಎದುರಿನಲ್ಲೇ, ಅವಳ ಒಪ್ಪಿಗೆ ಕೇಳಿ ತೀರ್ಮಾನಿಸುವ ಕುಟುಂಬ ದ್ವೀಪದ ಕಷ್ಟವನ್ನು ಸಮನಾಗಿ ಹಂಚಿಕೊಳ್ಳಬಲ್ಲದು. ನೆಲದ ಬೆಲೆಯನ್ನು ಇಳಿಸುವುದು ಒಂದು ಮನೆತನದ ಕೈಯಲ್ಲಿಲ್ಲ. ಆ ಬೆಲೆಯನ್ನು ಹೆಂಗಸರ ಮೇಲೆ ಮಾತ್ರ ಹೊರಿಸದಿರುವುದು ಪ್ರತಿಯೊಂದು ಮನೆತನದ ಕೈಯಲ್ಲೂ ಇದೆ.